ಬೇರೊಬ್ಬನ ಹೆಸರಿನಲ್ಲಿ ಗೆದ್ದ ಬಹುಮಾನ

ಶಾಲೆಗಳು ತೆರೆದು ಮಳೆಯು ಸ್ವಲ್ಪ ಹಿಂದೆಗೆದ ಕೂಡಲೆ ನಮ್ಮ ಹಳ್ಳಿಗಳಲ್ಲಿ ಪಂದ್ಯಗಳ ಕಾಲವು ಬರುವದು. ಮೊದಲು ಸುತ್ತಲಿನ ಶಾಲೆಗಳೊಳಗೆ, ಅಲ್ಲಿ ಗೆದ್ದವರಿಗೆ ತಾಲೂಕಿನಲ್ಲಿ, ಬಳಿಕ ಜಿಲ್ಲೆಯಲ್ಲಿ, ಕಡೆಗೆ ರಾಜ್ಯದ ಮಟ್ಟದಲ್ಲಿ ಕಬಡ್ಡಿ, ಖೋ ಖೋ, ಓಟ, ಉದ್ದಜಿಗಿತ ಮುಂತಾದವು ನಡೆಯುವವು. ಪ್ರತಿಭಾ ಕಾರಂಜಿ ಎಂಬ ಹೆಸರಿನಿಂದ ಕೋಲಾಟ, ಜಾನಪದ ನೃತ್ಯ, ಕಂಠಪಾಠ, ಛದ್ಮವೇಷ ಇವುಗಳ ಸ್ಪರ್ಧೆಗಳೂ ಇದೇ ಪ್ರಕಾರ ಮೆಟ್ಟಲು ಮೆಟ್ಟಲಾಗಿ ಆಗುವವು. ಇದರಿಂದ ಮಕ್ಕಳಿಗೆ ಬಹಳ ಪ್ರಯೋಜನವುಂಟು. ತನ್ನ ಊರಿನ ಕೆರೆಯೇರಿಯನ್ನು ದಾಟದ ಹುಡುಗಿಯು ನೂರಾರು ಜನರ ಮುಂದೆ ಧೈರ್ಯವಾಗಿ ನಿಲ್ಲುವದನ್ನು ಕಲಿಯುತ್ತಾಳೆ. ಪಾಠದಲ್ಲಿ ಹಿಂದುಳಿದ ಹುಡುಗನು ಅಂಕಣದಲ್ಲಿ ತಾನೂ ಒಂದಕ್ಕೆ ಯೋಗ್ಯನೆಂದು ತಿಳುಕೊಳ್ಳುತ್ತಾನೆ. ಆದದರಿಂದ ಆಟವಾಗಲಿ ಕುಣಿತವಾಗಲಿ ಬೇಡವೆಂದು ನಾವು ಹೇಳುವದಿಲ್ಲ.

ಆದರೆ ಒಂದು ಪ್ರಶ್ನೆಯನ್ನು ನಾವು ಕೂಡಿ ಆಲೋಚಿಸಬೇಕಾಗಿದೆ. ಅದೇನಂದರೆ, ನಮ್ಮ ಶಾಲೆಗೆ ಹೆಸರು ಬರಬೇಕೆಂಬ ಒಳ್ಳೇ ಮನಸ್ಸಿನಿಂದ ವಯಸ್ಸು ಮೀರಿದ ಹುಡುಗನನ್ನು ಚಿಕ್ಕವನೆಂದು ಬರೆಸುವದೂ, ಒಬ್ಬನ ಹೆಸರಿನಲ್ಲಿ ಇನ್ನೊಬ್ಬನನ್ನು ಆಡಿಸುವದೂ ತಪ್ಪೋ ತಪ್ಪಲ್ಲವೋ? ಇದನ್ನು ಕೇಳಿದವರಲ್ಲಿ ಅನೇಕರು, ಇದೊಂದು ದೊಡ್ಡ ಮಾತೇ, ಮಕ್ಕಳ ಆಟವಲ್ಲವೇ, ಎಂದು ನಗುವರು. ನಾವೂ ಒಂದು ಕಾಲದಲ್ಲಿ ಹಾಗೆಯೇ ನಕ್ಕವರು. ಆ ನಗೆಯು ಹೇಗೆ ನಿಂತುಹೋಯಿತೆಂಬದನ್ನು ಮರೆಮಾಜದೆ ಹೇಳುತ್ತೇವೆ.

ಕೆಲವು ವರುಷಗಳ ಹಿಂದೆ ನಾವು ಚೆನ್ನಾಗಿ ಬಲ್ಲ ಒಂದು ಹಳ್ಳಿಯ ಶಾಲೆಯ ಹುಡುಗರು ಕಬಡ್ಡಿ ಪಂದ್ಯಕ್ಕೆ ಸಿದ್ಧರಾಗಿದ್ದರು. ಪಂದ್ಯದ ಹಿಂದಿನ ದಿವಸ ಅವರಲ್ಲಿ ಒಬ್ಬನಿಗೆ ಜ್ವರ ಬಂತು. ಆಗ ಊರಿನ ಹಿರಿಯರು ಕೂಡಿ, ಎರಡು ವರುಷಗಳ ಹಿಂದೆಯೇ ಶಾಲೆ ಬಿಟ್ಟು ಹೊಲದ ಕೆಲಸಕ್ಕೆ ಹೋಗುತ್ತಿದ್ದ ಒಬ್ಬ ಬಲವಾದ ಹುಡುಗನನ್ನು ಕರೆದು, ನಾಳೆ ಯಾರಾದರೂ ನಿನ್ನ ಹೆಸರು ಕೇಳಿದರೆ ಜ್ವರದವನ ಹೆಸರನ್ನು ಹೇಳು, ಎಂದು ಕಲಿಸಿದರು. ನಾವು ಆ ಹಿರಿಯರ ನಡುವೆ ಕೂತಿದ್ದೆವು. ಹೌದೆಂದು ನಾವು ಹೇಳಲಿಲ್ಲ, ಬೇಡವೆಂದೂ ಹೇಳಲಿಲ್ಲ. ಮರುದಿವಸ ನಮ್ಮ ಊರು ಗೆದ್ದಿತು. ಸಂಜೆಯಲ್ಲಿ ತಮಟೆ ಬಾರಿಸುತ್ತಾ ಫಲಕವನ್ನು ಊರೊಳಗೆ ತಂದರು. ನಾವೂ ಆ ಮೆರವಣಿಗೆಯ ಸಂಗಡ ನಡೆದೆವು.

ಮೂರು ದಿವಸ ಕಳೆದ ಮೇಲೆ ಜ್ವರ ಬಿಟ್ಟ ಆ ಹುಡುಗನು ಕಂಬಳಿ ಹೊದ್ದುಕೊಂಡು ನಮ್ಮ ಬಳಿಗೆ ಬಂದನು. ಅವನ ಕೈಯಲ್ಲಿ ಪ್ರಶಸ್ತಿಪತ್ರವಿತ್ತು. “ಅಯ್ಯನವರೇ, ನಾನು ಆಡಲೇ ಇಲ್ಲವಲ್ಲ, ಇದರಲ್ಲಿ ನನ್ನ ಹೆಸರು ಹೇಗೆ ಬಂತು? ಇದನ್ನು ನಾನು ಏನು ಮಾಡಲಿ?” ಎಂದು ಕೇಳಿದನು. ನಾವು, “ಇರಲಿ ಮಗಾ, ಊರಿಗೆ ಒಳ್ಳೇದಾಯಿತಲ್ಲ, ಇಟ್ಟುಕೋ” ಎಂದು ಹೇಳಿ ಕಳುಹಿಸಿದೆವು. ಅವನು ಹೋದನು. ಆದರೆ ಅವನ ಪ್ರಶ್ನೆಯು ಹೋಗಲಿಲ್ಲ.

ಆ ಪ್ರಶ್ನೆಯನ್ನು ಹಿಡಿದು ಲೆಕ್ಕ ಹಾಕಿದಾಗ, ನಾವು ಒಂದು ಸುಳ್ಳಿನಿಂದ ಮೂರು ಕಡೆಯವರಿಗೆ ಅನ್ಯಾಯ ಮಾಡಿದೆವೆಂದು ಕಂಡುಬಂತು. ಮೊದಲನೆಯದಾಗಿ, ಸೋತ ಶಾಲೆಯವರಿಗೆ. ಅವರು ತಮ್ಮಂಥಾ ಏಳು ಮಂದಿ ಎಳೆಯರ ಎದುರಿಗೆ ಆಡುತ್ತೇವೆಂದು ನಂಬಿ ಬಂದವರು. ಎರಡನೆಯದಾಗಿ, ಜ್ವರದಲ್ಲಿ ಮಲಗಿದ್ದ ಹುಡುಗನಿಗೆ. ಅವನು ಮಾಡದ ಕೆಲಸದ ಗೌರವವನ್ನು ಅವನ ತಲೆಯ ಮೇಲೆ ಹೊರಿಸಿ, ಅದನ್ನು ನೋಡಿದಾಗಲೆಲ್ಲಾ ನಾಚಿಕೊಳ್ಳುವಂತೆ ಮಾಡಿದೆವು. ಮೂರನೆಯದಾಗಿ, ಆಡಿ ಗೆದ್ದ ಹುಡುಗನಿಗೆ. ಬೆವರು ಅವನದು, ಮೊಣಕಾಲಿನ ಗಾಯವು ಅವನದು. ಆದರೆ ಅವನ ಹೆಸರು ಯಾವ ಕಾಗದದಲ್ಲಿಯೂ ಇಲ್ಲ. ಶಾಲೆಯನ್ನು ಬಿಟ್ಟಾಗ ಅವನನ್ನು ಯಾರೂ ಹಿಂದಕ್ಕೆ ಕರೆಯಲಿಲ್ಲ. ಅವನ ಬಲವು ಬೇಕಾದಾಗ ಮಾತ್ರ ಕರೆದು, ನೀನು ನೀನಲ್ಲವೆಂದು ಹೇಳೆಂದು ಕಲಿಸಿದೆವು. ಈ ಮೂರರಲ್ಲಿ ಇದೇ ಹೆಚ್ಚು ಕಠಿಣವಾದದ್ದೆಂದು ನಮಗೆ ತೋರುತ್ತದೆ.

ಪಂದ್ಯವೆಂದರೇನು? ಅದು ಜಗಳವಲ್ಲ, ಎರಡು ಪಕ್ಷದವರ ಒಪ್ಪಂದವು. ಕಬಡ್ಡಿಯನ್ನೇ ನೋಡಿರಿ. ಒಂದು ಕಡೆಯಲ್ಲಿ ಏಳು ಮಂದಿ, ಇನ್ನೊಂದು ಕಡೆಯಲ್ಲಿ ಏಳು ಮಂದಿ, ನಡುವೆ ಸುಣ್ಣದ ಒಂದು ಗೆರೆ. ದಾಳಿಗೆ ಹೋದವನು ಒಂದೇ ಉಸುರಿನಲ್ಲಿ ಕಬಡ್ಡಿ ಕಬಡ್ಡಿ ಎನ್ನುತ್ತಾ ಹೋಗಿ ತಿರಿಗಿ ಬರಬೇಕು. ಆ ಗೆರೆಗೆ ಗೋಡೆಯ ಬಲವಿಲ್ಲ. ಇಬ್ಬರೂ ಅದನ್ನು ಗೆರೆಯೆಂದು ಒಪ್ಪಿಕೊಂಡದ್ದರಿಂದಲೇ ಅದು ಗೆರೆ. ಬೆರಳು ತಾಕಿದ್ದು ತೀರ್ಪುಗಾರನ ಕಣ್ಣಿಗೆ ಬೀಳದೆ ಇರಬಹುದು. ತಾಕಿಸಿಕೊಂಡವನಿಗೆ ತಿಳಿಯದೆ ಇರದು. ಹೀಗೆ ಆಟವೆಲ್ಲಾ ಸತ್ಯದ ಮೇಲೆ ನಿಂತಿರುವದು. ಸತ್ಯವನ್ನು ತೆಗೆದುಹಾಕಿದವನು ಆಟವನ್ನು ಗೆಲ್ಲುವದಿಲ್ಲ, ಆಟವನ್ನೇ ಅಳಿಸಿಬಿಡುತ್ತಾನೆ. ತೂಕದ ಕಲ್ಲನ್ನು ಕೆತ್ತಿದ ವ್ಯಾಪಾರಿಯು ವ್ಯಾಪಾರದಲ್ಲಿ ಜಾಣನೆಂದು ನಾವು ಹೇಳುವದಿಲ್ಲ, ಕಳ್ಳನೆಂದು ಹೇಳುತ್ತೇವೆ. ಇಲ್ಲಿಯೂ ಹಾಗೆಯೇ.

ಈ ವಿಷಯದಲ್ಲಿ ಜನರು ಎರಡು ಆಕ್ಷೇಪಣೆಗಳನ್ನು ಹೇಳುವರು. ಎಲ್ಲರೂ ಮಾಡುತ್ತಾರೆ, ನಾವೊಬ್ಬರೇ ಮಾಡದಿದ್ದರೆ ನಮ್ಮ ಮಕ್ಕಳು ಎಂದಿಗೂ ಗೆಲ್ಲರು, ಎಂಬದು ಮೊದಲನೆಯದು. ಎಲ್ಲರೂ ಮಾಡುತ್ತಾರೆಂಬದನ್ನು ಯಾರೂ ಎಣಿಸಿ ನೋಡಿಲ್ಲ. ನಾವು ಮಾಡಿದ್ದೇವೆಂಬದು ಮಾತ್ರ ನಮಗೆ ನಿಶ್ಚಯವಾಗಿ ಗೊತ್ತುಂಟು. ನಮ್ಮನ್ನು ನೋಡಿ ನೆರೆಯೂರಿನವರೂ ಇದೇ ಮಾತನ್ನು ಹೇಳುತ್ತಿರುವರು.

ಎರಡನೆಯ ಆಕ್ಷೇಪಣೆಯು ಹೆಚ್ಚು ಭಾರವಾದದ್ದು. ಪಟ್ಟಣದ ಶಾಲೆಗಳಿಗೆ ವಿಶಾಲವಾದ ಬಯಲೂ, ಶೂಗಳೂ, ದೈಹಿಕ ಶಿಕ್ಷಕರೂ ಇದ್ದಾರೆ. ನಮ್ಮ ಮಕ್ಕಳಿಗೆ ಬರಿಗಾಲು. ನ್ಯಾಯವು ಮೊದಲೇ ಮುರಿದಿರುವಾಗ ನಾವು ಮಾತ್ರ ಯಾಕೆ ನ್ಯಾಯವನ್ನು ಹಿಡಿದಿರಬೇಕು, ಎಂದು ಅವರು ಕೇಳುವರು. ಈ ಮಾತಿನಲ್ಲಿ ದುಃಖವೂ ನಿಜವೂ ಇದೆ. ಆದರೆ ನಮ್ಮ ಸುಳ್ಳು ಯಾರನ್ನು ಮೊದಲು ಹೊಡೆಯುತ್ತದೆಂದು ಯೋಚಿಸಿರಿ. ಮೊದಲ ಪಂದ್ಯದಲ್ಲಿ ನಮ್ಮೆದುರಿಗೆ ನಿಲ್ಲುವವರು ಪಟ್ಟಣದವರಲ್ಲ; ನಮ್ಮ ಹಾಗೆಯೇ ಬರಿಗಾಲಿನಲ್ಲಿ ಬಂದ ಪಕ್ಕದ ಹಳ್ಳಿಯವರು. ಬಡವನ ಮೇಲೆ ಆದ ಅನ್ಯಾಯವನ್ನು ಇನ್ನೊಬ್ಬ ಬಡವನಿಂದ ವಸೂಲು ಮಾಡುವದು ನ್ಯಾಯವಾಗುವದೇ? ಬಯಲು ಬೇಕೆಂದೂ ಶಿಕ್ಷಕರು ಬೇಕೆಂದೂ ಪಂಚಾಯತಿಯ ಮುಂದೆಯೂ ಇಲಾಖೆಯ ಮುಂದೆಯೂ ಬಹಿರಂಗವಾಗಿ ಕೇಳುವದು ನಮ್ಮ ಹಕ್ಕು. ಕತ್ತಲೆಯಲ್ಲಿ ಹೆಸರು ಬದಲಿಸುವದು ಆ ಹಕ್ಕನ್ನು ಬಿಟ್ಟುಕೊಟ್ಟ ಹಾಗೆಯೇ.

ಈ ಶೋಧನೆಯು ಹೊಸದಲ್ಲ. ಗ್ರೀಸ್ ದೇಶದ ಒಲಿಂಪಿಯಾ ಎಂಬ ಸ್ಥಳದಲ್ಲಿ ಪೂರ್ವಕಾಲದಲ್ಲಿ ನಡೆಯುತ್ತಿದ್ದ ಪಂದ್ಯಗಳಲ್ಲಿ ಹುಡುಗರಿಗೆ ಪ್ರತ್ಯೇಕವಾದ ಆಟಗಳಿದ್ದವು. ಎರಡನೆಯ ಶತಮಾನದಲ್ಲಿ ಆ ಸ್ಥಳವನ್ನು ಕಂಡು ಬರೆದ ಪಾಸೇನಿಯಸ್ ಎಂಬವನು ಹೇಳುವದೇನಂದರೆ, ಆಟಗಾರರು ಮಾತ್ರವಲ್ಲ, ಅವರ ತಂದೆಗಳೂ ಅಣ್ಣತಮ್ಮಂದಿರೂ ಕಲಿಸುವವರೂ ಮೋಸ ಮಾಡುವದಿಲ್ಲವೆಂದು ಆಣೆಯಿಡಬೇಕಾಗಿತ್ತು. ಹುಡುಗರನ್ನು ಪರೀಕ್ಷಿಸುವವರು ಲಂಚ ತಕ್ಕೊಳ್ಳದೆ ನ್ಯಾಯವಾಗಿ ತೀರ್ಪು ಕೊಡುತ್ತೇವೆಂದು ಬೇರೆ ಆಣೆಯಿಡುತ್ತಿದ್ದರು. ಕ್ರಿ. ಪೂ. ೩೮೮ ರಲ್ಲಿ ಯುಪೋಲಸ್ ಎಂಬ ಮುಷ್ಟಿಮಲ್ಲನು ತನ್ನ ಎದುರಾಳಿಗಳಿಗೆ ಹಣಕೊಟ್ಟು ಗೆದ್ದದ್ದು ಹೊರಬಿದ್ದಿತು. ಅವನಿಗೂ ಹಣ ತಕ್ಕೊಂಡವರಿಗೂ ದಂಡ ವಿಧಿಸಿ, ಆ ದಂಡದ ಹಣದಿಂದ ಕಂಚಿನ ಪ್ರತಿಮೆಗಳನ್ನು ಮಾಡಿಸಿ, ಆಟದ ಬಯಲಿಗೆ ಹೋಗುವ ದಾರಿಯಲ್ಲಿ ನಿಲ್ಲಿಸಿದರು. ಒಳಗೆ ಹೋಗುವ ಪ್ರತಿಯೊಬ್ಬನೂ ಅವುಗಳನ್ನು ನೋಡಿಯೇ ಹೋಗಬೇಕಾಗಿತ್ತು. ಮಗನ ಆಟಕ್ಕಾಗಿ ತಂದೆಯಿಂದ ಆಣೆಯನ್ನು ಯಾಕೆ ಕೇಳಿದರು? ಮಕ್ಕಳ ಆಟದಲ್ಲಿ ಮೋಸವು ಮಕ್ಕಳಿಂದ ಹುಟ್ಟುವದು ಅಪರೂಪ, ದೊಡ್ಡವರಿಂದಲೇ ಹುಟ್ಟುವದೆಂದು ಅವರು ಬಲ್ಲವರಾಗಿದ್ದರು.

ನಮ್ಮ ಕಾಲದಲ್ಲಿಯೂ ಇದಕ್ಕೆ ದೃಷ್ಟಾಂತವುಂಟು. ೨೦೦೧ ರಲ್ಲಿ ಅಮೇರಿಕಾ ದೇಶದಲ್ಲಿ ಬಾಲಕರ ಬೇಸ್‌ಬಾಲ್ ಪಂದ್ಯಗಳಲ್ಲಿ ಒಬ್ಬ ಹುಡುಗನು ಎಲ್ಲರೂ ಬೆರಗಾಗುವಂತೆ ಚೆಂಡೆಸೆದನು. ಅವನ ಪಂಗಡಕ್ಕೆ ಮೂರನೆಯ ಸ್ಥಾನ ಸಿಕ್ಕಿತು. ಆಮೇಲೆ ವಿಚಾರಿಸಿದಾಗ ಅವನಿಗೆ ೧೨ ವರುಷವಲ್ಲ, ೧೪ ವರುಷವೆಂದು ತಿಳಿದುಬಂತು. ಅವನ ಜನನಪತ್ರವು ಸುಳ್ಳಾಗಿತ್ತು. ಆ ಪಂಗಡದ ಗೆಲವುಗಳೆಲ್ಲಾ ಅಳಿಸಲ್ಪಟ್ಟವು. ಅವನ ಸಂಗಡ ಆಡಿದ ಬೇರೆ ಹುಡುಗರು ಪ್ರಾಮಾಣಿಕವಾಗಿ ಓಡಿದ ಓಟವೂ ಅದರೊಡನೆಯೇ ಅಳಿದುಹೋಯಿತು. ನಮ್ಮ ದೇಶದಲ್ಲಿ ಕ್ರಿಕೆಟ್ ಮಂಡಲಿಯವರು ಹುಡುಗರ ಮಣಿಕಟ್ಟಿನ ಎಲುಬುಗಳ ಎಕ್ಸ್‌-ರೇ ತೆಗೆಸಿ ವಯಸ್ಸನ್ನು ಪರೀಕ್ಷಿಸುತ್ತಾರೆ. ಯಾಕಂದರೆ ಕಾಗದದ ಮಾತನ್ನು ನಂಬಲು ಆಗದೆ ಎಲುಬನ್ನೇ ಕೇಳಬೇಕಾಗಿ ಬಂದಿದೆ. ತಂದೆಯ ಮಾತಿಗಿಂತ ಮಗನ ಎಲುಬು ಹೆಚ್ಚು ಸತ್ಯವುಳ್ಳದ್ದಾದರೆ ಅದು ನಮಗೆ ನಾಚಿಕೆಯಲ್ಲವೇ?

ಕುಣಿತದ ಸ್ಪರ್ಧೆಯಲ್ಲಿ ಹೆಸರು ಬದಲಿಸುವದು ಕಡಿಮೆಯಾದರೂ ಇದೇ ಸುಳ್ಳು ಬೇರೊಂದು ಉಡುಪಿನಲ್ಲಿ ಬರುವದು. ಚೆನ್ನಾಗಿ ಕೋಲು ಹೊಯ್ಯುವ ಹುಡುಗಿಯ ತಾಯಿಗೆ ಬಾಡಿಗೆಯ ಸೀರೆ ಒಡವೆಗಳಿಗೆ ಹಣವಿಲ್ಲದಿದ್ದರೆ, ಅವಳನ್ನು ಹಿಂದಕ್ಕೆ ನಿಲ್ಲಿಸಿ ಹಣವುಳ್ಳವರ ಮಗಳನ್ನು ಮುಂದಕ್ಕೆ ತರುವದುಂಟು. ಆಗ ಗೆದ್ದದ್ದು ಬಾಡಿಗೆಯ ಉಡುಪು. ಬಹುಮಾನವು ಮಾತ್ರ ಮಗುವಿನ ಹೆಸರಿನಲ್ಲಿ. ಕೇರಳದಲ್ಲಿ ೧೯೫೭ ರಿಂದ ಶಾಲಾ ಕಲೋತ್ಸವವೆಂಬ ದೊಡ್ಡ ಸ್ಪರ್ಧೆಯು ನಡೆಯುತ್ತಾ ಬಂದಿದೆ. ಕಾಸರಗೋಡಿನ ನಮ್ಮ ಕನ್ನಡದ ಮಕ್ಕಳೂ ಅದರಲ್ಲಿ ಸೇರುತ್ತಾರೆ. ಒಳ್ಳೇ ದರ್ಜೆ ಸಿಕ್ಕಿದವರಿಗೆ ಪರೀಕ್ಷೆಯಲ್ಲಿ ಹೆಚ್ಚಿನ ಅಂಕಗಳನ್ನು ಕೊಡುವ ಕ್ರಮವು ಅಲ್ಲಿರುವದರಿಂದ, ತೀರ್ಪನ್ನು ಒಪ್ಪದ ತಂದೆತಾಯಿಗಳು ಶುಲ್ಕ ಕಟ್ಟಿ ಮೇಲ್ಮನವಿ ಸಲ್ಲಿಸುವರು. ಕೆಲವರು ನ್ಯಾಯಾಲಯದ ವರೆಗೂ ಹೋದದ್ದುಂಟು. ತೀರ್ಪು ತಪ್ಪಾಗಿರಲೂಬಹುದು. ಆದರೆ ಕುಣಿದು ದಣಿದ ಮಗುವು ಊಟಕ್ಕೆ ಮೊದಲು ಕೇಳುವದು ದೊಡ್ಡವರ ಜಗಳವಾದರೆ, ಕುಣಿತದಲ್ಲಿದ್ದ ಸಂತೋಷವು ಎಲ್ಲಿ ಉಳಿಯುವದು?

ಇನ್ನು ಒಳ್ಳೇ ದೃಷ್ಟಾಂತವೊಂದನ್ನು ಕೇಳಿರಿ. ೨೦೧೨ ರ ಡಿಸೆಂಬರ್ ತಿಂಗಳಲ್ಲಿ ಸ್ಪೇನ್ ದೇಶದ ಬುರ್ಲಾಡ ಎಂಬ ಊರಿನಲ್ಲಿ ಒಂದು ಓಟದ ಪಂದ್ಯವಾಯಿತು. ಮುಂದಿದ್ದವನು ಕೆನ್ಯ ದೇಶದ ಏಬೆಲ್ ಮುತಾಯ್. ಲಂಡನಿನ ಒಲಿಂಪಿಕ್ ಪಂದ್ಯಗಳಲ್ಲಿ ಕಂಚಿನ ಪದಕ ಪಡೆದವನು. ಅವನು ಗುರಿಯನ್ನು ಮುಟ್ಟಿದೆನೆಂದು ತಪ್ಪಾಗಿ ಎಣಿಸಿ, ಗೆರೆಗೆ ಸ್ವಲ್ಪ ಮುಂಚೆಯೇ ನಿಧಾನಿಸಿದನು. ಹಿಂದೆ ಬರುತ್ತಿದ್ದ ಸ್ಪೇನಿನ ಇವಾನ್ ಫರ್ನಾಂಡೆಜ್ ಅನಾಯ ಎಂಬವನು ಅವನನ್ನು ಸುಲಭವಾಗಿ ದಾಟಬಹುದಾಗಿತ್ತು. ಹಾಗೆ ಮಾಡಿದರೆ ನಿಯಮವೇನೂ ಮುರಿಯುತ್ತಿರಲಿಲ್ಲ. ಆದರೂ ಅವನು ದಾಟದೆ, ಅವನ ಹಿಂದೆಯೇ ನಿಂತು, ಸನ್ನೆಯಿಂದ ಗೆರೆಯನ್ನು ತೋರಿಸಿ, ಅವನನ್ನೇ ಮೊದಲನೆಯವನಾಗಿ ಕಳುಹಿಸಿ, ತಾನು ಎರಡನೆಯವನಾದನು. ಆ ಗೆಲವು ತನ್ನದಲ್ಲವೆಂದು ಅವನಿಗೆ ತಿಳಿದಿತ್ತು. ತನ್ನದಲ್ಲದ್ದನ್ನು ಅವನು ಬಯಸಲಿಲ್ಲ.

ಅಪೊಸ್ತಲನಾದ ಪೌಲನು ಕೊರಿಂಥದವರಿಗೆ ಬರೆದಾಗ ಓಟಗಾರನ ಉಪಮೆಯನ್ನು ಹೇಳಿದ್ದು ನಿಮಗೆ ನೆನಪಿರಬಹುದು. ಆ ಪಟ್ಟಣದ ಹತ್ತಿರ ಎರಡು ವರುಷಕ್ಕೊಮ್ಮೆ ಪಂದ್ಯಗಳು ನಡೆಯುತ್ತಿದ್ದವು. ಗೆದ್ದವರಿಗೆ ಸಿಕ್ಕುತ್ತಿದ್ದದ್ದು ಎಲೆಗಳ ಕಿರೀಟವು ಮಾತ್ರ. ಅದು ಬೇಗ ಬಾಡುವದು. ನಮ್ಮ ಮರದ ಫಲಕವು ಅದಕ್ಕಿಂತ ಸ್ವಲ್ಪ ಹೆಚ್ಚು ಕಾಲ ಬಾಳಬಹುದು, ಅಷ್ಟೇ. ಆದರೆ ನೀನು ಯಾರೆಂದು ಕೇಳಿದಾಗ ಸುಳ್ಳು ಹೆಸರನ್ನು ಹೇಳಲು ಕಲಿತ ನಾಲಿಗೆಯು ಆ ಪಾಠವನ್ನು ಮರೆಯಲು ಬಹು ಕಾಲ ಬೇಕಾಗುವದು.

ಆದದರಿಂದ, ಪ್ರಿಯರೇ, ಬರುವ ಪಂದ್ಯದ ಕಾಲದಲ್ಲಿ ಒಬ್ಬನು ಕಡಿಮೆಯಾದರೆ ಶಾಲೆಯಲ್ಲಿರುವ ದುರ್ಬಲನಾದ ಹುಡುಗನನ್ನೇ ಅವನ ಸ್ವಂತ ಹೆಸರಿನಲ್ಲಿ ನಿಲ್ಲಿಸೋಣ. ಸೋತುಬಂದರೂ ತಮಟೆಯನ್ನು ಬಾರಿಸೋಣ. ಕೋಲಾಟಕ್ಕೆ ಎಲ್ಲರಿಗೂ ಕೊಳ್ಳಲಾಗುವ ಬಟ್ಟೆಯನ್ನೇ ಗೊತ್ತುಮಾಡೋಣ. ಶಾಲೆ ಬಿಟ್ಟ ಹುಡುಗನನ್ನು ಪಂದ್ಯಕ್ಕಾಗಿ ಕರೆಯುವ ಬದಲಾಗಿ ಪಾಠಕ್ಕಾಗಿ ಕರೆಯೋಣ. ಹಿರಿಯರ ಕೂಟದಲ್ಲಿ ಇಂಥಾ ಮಾತು ಎದ್ದಾಗ, ನಾವು ಸುಮ್ಮನಿದ್ದ ಹಾಗೆ ನೀವು ಸುಮ್ಮನಿರಬೇಡಿರಿ. ಬೇಡವೆಂಬ ಒಂದು ಮಾತು ಸಾಕಾಗುತ್ತಿತ್ತೆಂದು ನಾವು ಈಗ ಬಲ್ಲೆವು.

ಆ ಫಲಕವು ಇಂದಿಗೂ ಶಾಲೆಯ ಗೋಡೆಯ ಮೇಲಿದೆ. ನಾವು ತಡವಾಗಿಯಾದರೂ ಹಿರಿಯರಿಗೆ ನಮ್ಮ ಮನಸ್ಸನ್ನು ತಿಳಿಸಿದೆವು. ಕೆಲವರು ಒಪ್ಪಿದರು, ಕೆಲವರು ಕೋಪಿಸಿಕೊಂಡರು. ಜ್ವರದಲ್ಲಿದ್ದ ಹುಡುಗನು ಈಗ ದೊಡ್ಡವನಾಗಿದ್ದಾನೆ. ಆ ಕಾಗದವನ್ನು ಏನು ಮಾಡಿದೆಯೆಂದು ಅವನನ್ನು ಕೇಳಿದೆವು. “ಯಾರಿಗೂ ತೋರಿಸಲಿಲ್ಲ ಅಯ್ಯನವರೇ, ಹರಿಯುವದಕ್ಕೂ ಮನಸ್ಸಾಗಲಿಲ್ಲ, ಅದು ನನ್ನದಲ್ಲವಲ್ಲ” ಎಂದನು. ನಾವು ಅವನಿಗೆ ಕಲಿಸದೆ ಹೋದದ್ದನ್ನು ಅವನು ನಮಗೆ ಕಲಿಸಿದನು.