ಬಗ್ಗದ ಗಿಡ

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?’ ಹಠಮಾರಿ ಮಗುವಿನ ತಾಯಿಗೆ ಈ ಗಾದೆ ಹೇಳದವರು ಯಾರಿದ್ದಾರೆ? ಅತ್ತೆ ಹೇಳುತ್ತಾರೆ, ನಾದಿನಿ ಹೇಳುತ್ತಾಳೆ, ಕೊನೆಗೆ ಶಾಲೆಯಲ್ಲಿ ನಾವು ಟೀಚರುಗಳೂ ಹೇಳುತ್ತೇವೆ. ಗಿಡ ಯಾರ ಮುಂದೆ ಬಗ್ಗಬೇಕು, ಯಾತಕ್ಕೆ ಬಗ್ಗಬೇಕು ಎನ್ನುವುದನ್ನು ಮಾತ್ರ ಗಾದೆ ಹೇಳುವುದಿಲ್ಲ.

ಇನ್ನೊಂದು ತಮಾಷೆ ನೋಡಿ. ನಾವು ಕೈಮುಗಿಯುವ ಮಕ್ಕಳೆಲ್ಲ ಮಾತು ಕೇಳದವರೇ! ಪ್ರಹ್ಲಾದ ತಂದೆಗೆ ಎದುರು ನಿಂತ. ನಚಿಕೇತ ‘ನನ್ನನ್ನು ಯಾರಿಗೆ ಕೊಡುತ್ತೀ?’ ಎಂದು ಮೂರು ಸಲ ಕೇಳಿ ಕೇಳಿ, ‘ಯಮನಿಗೆ’ ಎಂದು ತಂದೆ ಸಿಟ್ಟಿನಿಂದ ಹೇಳುವಂತೆ ಮಾಡಿದ. ಉಪನಯನ ಬೇಡವೆಂದು ಮನೆ ಬಿಟ್ಟ ಬಾಲಕ ಬಸವಣ್ಣನ ಕಥೆಯನ್ನು ಕಣ್ಣರಳಿಸಿ ಹೇಳುತ್ತೇವೆ. ಕಥೆ ಮುಗಿದ ಮೇಲೆ ಹಿಂದಿನ ಬೆಂಚಿನ ಹುಡುಗ ‘ನಾನು ಬರೆಯಲ್ಲ’ ಅಂದರೆ ಮೈಯೆಲ್ಲ ಉರಿಯುತ್ತದೆ.

ಇಂಥ ಹುಡುಗರ ವರ್ತನೆಗೆ ವೈದ್ಯರು ಒಂದು ಹೆಸರಿಟ್ಟಿದ್ದಾರೆ. ಅಮೆರಿಕದ ಮನೋವೈದ್ಯರ ಸಂಘ 1980ರಲ್ಲಿ ತನ್ನ ಕೈಪಿಡಿಗೆ ಇದನ್ನು ಸೇರಿಸಿತು. ಈಗಿನ ಹೆಸರು ಅಪೊಸಿಷನಲ್ ಡಿಫೈಯಂಟ್ ಡಿಸಾರ್ಡರ್. ಹೆಸರು ಕೇಳಿದಾಗ ನನಗೆ ಅನುಮಾನವೇ ಬಂತು. ‘ಇಲ್ಲ’ ಅನ್ನುವುದೂ ಒಂದು ರೋಗವೇ? ಹಾಗಾದರೆ ನಾಳೆ ಗಂಡನಿಗೆ ಎದುರಾಡುವ ಹೆಂಡತಿಗೂ ಒಂದು ಹೆಸರು ಹುಡುಕಿಯಾರು! ಆ ಅನುಮಾನ ನನ್ನನ್ನು ಇನ್ನೂ ಪೂರ್ತಿ ಬಿಟ್ಟಿಲ್ಲ, ಬಿಡಬಾರದು ಕೂಡ.

ಆದರೆ ವೈದ್ಯರು ಸುಮ್ಮಸುಮ್ಮನೆ ಹಾಗೆ ಕರೆಯುವುದಿಲ್ಲ. ಮಾತುಮಾತಿಗೆ ಸಿಟ್ಟು, ದೊಡ್ಡವರೊಡನೆ ವಾದ, ಬೇಕೆಂದೇ ಕೆಣಕುವುದು, ತನ್ನ ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟುವುದು, ಸೇಡು – ಹೀಗೆ ಎಂಟು ಲಕ್ಷಣಗಳಲ್ಲಿ ನಾಲ್ಕಾದರೂ ಕನಿಷ್ಠ 6 ತಿಂಗಳು ಇರಬೇಕು. ಅಣ್ಣತಮ್ಮಂದಿರ ಜಗಳ ಮಾತ್ರವಾದರೆ ಲೆಕ್ಕಕ್ಕಿಲ್ಲ. ಅದರಿಂದ ಮಗುವಿಗೋ ಸುತ್ತಲಿನವರಿಗೋ ನಿಜವಾದ ಸಂಕಟವಾಗುತ್ತಿರಬೇಕು. ಎರಡು ವರ್ಷದ ಕೂಸು ಎಲ್ಲಕ್ಕೂ ‘ಬೇಡ’ ಅನ್ನುವುದು, ಹದಿನಾಲ್ಕರ ಹುಡುಗಿ ಬಾಗಿಲು ದಡಾರನೆ ಹಾಕಿಕೊಳ್ಳುವುದು ಇದಲ್ಲ.

ಐದನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ವಾರ್ಷಿಕೋತ್ಸವದ ದಿನ ಮಕ್ಕಳಿಗೆಲ್ಲ ಕೇಸರಿಬಾತು ಹಂಚುತ್ತಿದ್ದೆವು. ಅವನಿಗೆ ಪ್ರಾಣ ಅದು. ‘ತಗೋಪ್ಪಾ’ ಅಂದೆ. ‘ಬೇಡ’ ಅಂದ. ನಾನು ‘ತಗೋ’ ಅಂದದ್ದೇ ಕಾರಣ. ಆಮೇಲೆ ಕಂಬಕ್ಕೆ ಒರಗಿ ನಿಂತು ಬೇರೆಯವರ ತಟ್ಟೆ ನೋಡುತ್ತಿದ್ದ. ಪ್ರಹ್ಲಾದನಿಗೂ ಇವನಿಗೂ ಇರುವ ವ್ಯತ್ಯಾಸ ನನಗೆ ಅಲ್ಲಿ ಹೊಳೆಯಿತು. ಪ್ರಹ್ಲಾದನಿಗೆ ತಾನು ಯಾತಕ್ಕೆ ಒಪ್ಪಿದ್ದೇನೆಂದು ಗೊತ್ತಿತ್ತು, ಅದಕ್ಕೇ ಇನ್ನೊಂದನ್ನು ಒಲ್ಲೆನೆಂದ. ಈ ಮಗುವಿನ ‘ಬೇಡ’ ಅವನದಲ್ಲ. ಅದು ಅವನ ಬಾಯಿಂದ ತಾನಾಗಿ ಹೊರಬೀಳುತ್ತದೆ, ನಷ್ಟ ಮಾತ್ರ ಅವನಿಗೆ.

ಅವನ ತಾಯಿ ನನ್ನೆದುರು ಕುಳಿತು ಅತ್ತರು. ‘ಮುದ್ದು ಮಾಡಿ ಕೆಡಿಸಿದೆ’ ಎಂದು ಮನೆಯವರು, ‘ಹೊಡೆದು ಕೆಡಿಸಿದೆ’ ಎಂದು ತವರಿನವರು. ಅಪ್ಪನಿಗೆ ಇದರಲ್ಲಿ ಪಾಲೇ ಇಲ್ಲ, ನೋಡಿ!

ಆರೆಗಾನ್‌ನ ಜೆರಾಲ್ಡ್ ಪ್ಯಾಟರ್ಸನ್ ಎಂಬ ಮನೋವಿಜ್ಞಾನಿ ಇಂಥ ಸಂಸಾರಗಳನ್ನು ಅವರವರ ಮನೆಗಳಲ್ಲೇ ಗಮನಿಸಿ 1982ರಲ್ಲಿ ಒಂದು ಪುಸ್ತಕ ಬರೆದರು. ಅವರು ಕಂಡದ್ದು ಇಷ್ಟು. ತಾಯಿ ಏನೋ ಹೇಳುತ್ತಾಳೆ, ಮಗು ಕಿರುಚುತ್ತದೆ, ಸೋತ ತಾಯಿ ‘ಹಾಳಾಗಿ ಹೋಗಲಿ’ ಎಂದು ಬಿಡುತ್ತಾಳೆ. ಕಿರುಚಿದರೆ ಗೆಲ್ಲಬಹುದೆಂದು ಮಗು ಕಲಿಯಿತು. ಮರುದಿನ ತಾಯಿ ಇನ್ನೂ ಜೋರಾಗಿ ಕೂಗುತ್ತಾಳೆ, ಮಗು ಹೆದರಿ ಕೇಳುತ್ತದೆ. ಕೂಗಿದರೆ ಗೆಲ್ಲಬಹುದೆಂದು ತಾಯಿ ಕಲಿತಳು. ಇಬ್ಬರೂ ಒಬ್ಬರಿಗೊಬ್ಬರು ಪಾಠ ಹೇಳಿಕೊಡುತ್ತಿದ್ದಾರೆ. ಇದಕ್ಕೆ ಹುಟ್ಟಿನಿಂದ ಬಂದ ಸ್ವಭಾವ ಸೇರಬಹುದು, ಗಮನ ನಿಲ್ಲದ ತೊಂದರೆ, ಓದಲಾಗದ ಕಷ್ಟ, ಮನೆಯ ಜಗಳ ಯಾವುದೂ ಸೇರಬಹುದು. ತಪ್ಪು ಯಾರದೆಂದು ಹುಡುಕುತ್ತ ಹೋದರೆ ಸಿಗುವುದು ಒಂದು ಗಂಟು, ಅಪರಾಧಿಯಲ್ಲ.

ಚಿಕಿತ್ಸೆ ಶುರುವಾಗುವುದು ದೊಡ್ಡವರಿಂದ. ಇದಕ್ಕೆಂದೇ ಮಾತ್ರೆಯಿಲ್ಲ, ಜೊತೆಗೆ ಬೇರೆ ತೊಂದರೆಯಿದ್ದರೆ ಅದಕ್ಕೆ ಔಷಧ ಕೊಡುತ್ತಾರೆ. ತಂದೆತಾಯಿಯರು ಕಲಿಯಬೇಕಾದದ್ದು ಸಾಕಷ್ಟಿದೆ. ದಿನವೂ ಸ್ವಲ್ಪ ಹೊತ್ತು ಮಗು ಆಡಿಸಿದ ಆಟ ಆಡಬೇಕು, ಅಪ್ಪಣೆಯಿಲ್ಲ, ತಿದ್ದುವುದಿಲ್ಲ. ಹೇಳುವುದನ್ನು ಹತ್ತಿರ ಹೋಗಿ, ಚಿಕ್ಕದಾಗಿ, ಒಮ್ಮೆ ಹೇಳಬೇಕು. ಕೇಳಿದ ತಕ್ಷಣ, ಏನು ಚೆನ್ನಾಗಿ ಮಾಡಿದನೋ ಅದನ್ನೇ ಹೆಸರಿಸಿ ಹೊಗಳಬೇಕು. ಕೇಳದಿದ್ದರೆ ಮೊದಲೇ ತಿಳಿಸಿದ ಸಣ್ಣ ಶಿಕ್ಷೆ, ಕೂಗಾಡದೆ, ಪ್ರತಿಸಲವೂ. ಹೊಡೆತದಿಂದ ಇದು ಹೆಚ್ಚುವುದೇ ಹೊರತು ತಗ್ಗುವುದಿಲ್ಲ. ಶಾಲೆಗಳಲ್ಲಂತೂ 2009ರ ಶಿಕ್ಷಣ ಹಕ್ಕು ಕಾಯ್ದೆ ಹೊಡೆಯುವುದನ್ನು ನಿಷೇಧಿಸಿದೆ, ‘ದಂಡಂ ದಶಗುಣಂ’ ಎನ್ನುವವರು ಇನ್ನೂ ಇದ್ದರೂ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೆಂದೇ ಮನೋವೈದ್ಯ ವಿಭಾಗವಿದೆ ಎಂದಾಗ ಆ ತಾಯಿ ಹೆದರಿಕೊಂಡರು. ‘ಹುಚ್ಚು ಅಂತಾರಲ್ಲ ಟೀಚರ್?’ ಎಂದರು. ಕೊನೆಗೆ ನಮ್ಮ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿ ಹೋದರು. ಬಂದು ಕೇಳಿದ ಪ್ರಶ್ನೆ ಮಾತ್ರ ನನ್ನನ್ನು ಬಹಳ ದಿನ ಕಾಡಿತು. ‘ಅವನು ತಟ್ಟೆ ಎಸೆಯುತ್ತಾನೆ. ಹತ್ತು ನಿಮಿಷ ಕಳೆದು ನಾನು ಅವನ ಜೊತೆ ಆಟ ಆಡಬೇಕಂತೆ. ಇದು ನ್ಯಾಯವಾ?’

ನ್ಯಾಯವಲ್ಲ, ನಿಜ. ಆದರೆ ಲೆಕ್ಕ ಚುಕ್ತಾ ಮಾಡುವ ನ್ಯಾಯ ಸರಿಸಮಾನರ ನಡುವಿನದು. ಹತ್ತು ವರ್ಷದವನೂ ಮೂವತ್ತೈದರ ತಾಯಿಯೂ ಸಮಾನರಲ್ಲ. ಹಗ್ಗ ಹಿಡಿದು ಇಬ್ಬರೂ ಜಗ್ಗುತ್ತಿರುವಾಗ, ಬಿಡಲು ಶಕ್ತಿ ಇರುವವರು ಮೊದಲು ಬಿಡಬೇಕಾಗುತ್ತದೆ. ಪ್ರೀತಿ ಒಳ್ಳೆಯ ನಡತೆಗೆ ಕೊಡುವ ಸಂಬಳವೆಂದು ನಾವು ತಿಳಿದಂತಿದೆ. ಅದು ಮುಂಗಡವಾಗಿಯೇ ಸಲ್ಲಬೇಕಾದದ್ದು. ಆ ಮುಂಗಡವನ್ನು ತಾಯಿಯೊಬ್ಬಳೇ ಕಟ್ಟಬೇಕೆಂಬ ಕಟ್ಟಳೆ ಮಾತ್ರ ನನಗೆ ಒಪ್ಪಿಗೆಯಿಲ್ಲ. ಮುಂದಿನ ಸಲ ಗಂಡನನ್ನೂ ಕರೆದುಕೊಂಡು ಹೋಗಿ ಎಂದು ಒತ್ತಾಯಿಸಿದೆ. ಗೊಣಗುತ್ತಲೇ ಹೋದರಂತೆ.

ಪವಾಡವೇನೂ ಆಗಲಿಲ್ಲ. ಈಗಲೂ ಅವನು ‘ಬೇಡ’ ಅನ್ನುತ್ತಾನೆ. ಚಳಿಗಾಲದ ಒಂದು ಬೆಳಿಗ್ಗೆ ಸ್ವೆಟರ್ ಬೇಡವೆಂದನಂತೆ. ತಾಯಿ ಕೂಗಲಿಲ್ಲ, ಯಾಕೆ ಎಂದು ಕೇಳಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಕತ್ತಿನ ಹತ್ತಿರ ಚುಚ್ಚುತ್ತೆ’ ಅಂದ. ನೋಡಿದರೆ ಕಾಲರಿನ ಒಳಗೆ ಲೇಬಲ್ಲು. ಅವರು ಕತ್ತರಿ ತಂದರು.