ಅಜ್ಜನ ಕೇಪಿನ ಕೋವಿ

ಹವ್ಯಾಸಕ್ಕೆ ಕಾರಣ ಕೊಡಬೇಕಾಗಿಲ್ಲ ಎಂಬುದು ಲೋಕರೂಢಿ. ಅಂಚೆಚೀಟಿ ಕೂಡಿಡುವವನನ್ನಾಗಲಿ, ಅಂಗಳದಲ್ಲಿ ಗುಲಾಬಿ ಬೆಳೆಸುವವನನ್ನಾಗಲಿ ಯಾರೂ ಕಟಕಟೆಗೆ ಹತ್ತಿಸುವುದಿಲ್ಲ. ಆದರೆ ಕೊಲ್ಲುವುದಕ್ಕೆಂದೇ ಹುಟ್ಟಿದ ವಸ್ತುವೊಂದನ್ನು ಒರೆಸಿ, ಎಣ್ಣೆ ಹಚ್ಚಿ, ಅಕ್ಕರೆಯಿಂದ ಮಡಿಲಲ್ಲಿಟ್ಟುಕೊಂಡು ಕೂರುವವನಿಗೆ ಈ ರಿಯಾಯಿತಿ ಸಲ್ಲುತ್ತದೆಯೇ? ಕಳೆದ ಮೂರು ವರ್ಷಗಳಿಂದ ಅಂಥವರಲ್ಲಿ ನಾನೂ ಒಬ್ಬನಾದ್ದರಿಂದ, ಈ ಪ್ರಶ್ನೆಯನ್ನು ಬೇರೆಯವರು ಕೇಳುವ ಮೊದಲು ನಾನೇ ಕೇಳಿಕೊಳ್ಳುವುದು ಲೇಸೆಂದು ತೋರಿದೆ.

ಕೇಪಿನ ಕೋವಿಯ ಪರಿಚಯ ಮಲೆನಾಡಿನವರಿಗೆ ಬೇಕಿಲ್ಲ. ಪೇಟೆಯ ಓದುಗರಿಗಾಗಿ ಎರಡು ಮಾತು. ಇದಕ್ಕೆ ತೋಟೆ ಇಲ್ಲ. ನಳಿಗೆಯ ಬಾಯಿಂದಲೇ ಮದ್ದು ಸುರಿದು, ಅದರ ಮೇಲೆ ಕತ್ತವನ್ನೋ ಚಿಂದಿಯನ್ನೋ ತುರುಕಿ ಗಜದಿಂದ ಜಡಿದು, ಗುಂಡನ್ನೋ ಚೆರೆಯನ್ನೋ ಹಾಕಿ, ಅದು ಉರುಳಿ ಬಾರದಂತೆ ಮತ್ತೆ ಚಿಂದಿ ತುರುಕಬೇಕು. ಬಳಿಕ ಹಿಂಬದಿಯ ಸಣ್ಣ ತೂತಿನ ಮೂತಿಯ ಮೇಲೆ ತಾಮ್ರದ ಕೇಪನ್ನು ಕೂರಿಸಬೇಕು. ಕುದುರೆ ಬಂದು ಕೇಪಿಗೆ ಬಡಿದರೆ ಕಿಡಿಯು ಆ ತೂತಿನ ಮೂಲಕ ಮದ್ದಿಗೆ ತಾಗಿ ಈಡು ಹಾರುತ್ತದೆ. ಎರಡನೆಯ ಈಡಿಗೆ ಎಲ್ಲವೂ ಮತ್ತೆ ಮೊದಲಿನಿಂದ.

ಇಷ್ಟು ತೊಡಕಿನ ಸಾಧನವನ್ನು ಜಗತ್ತು ಬಿಟ್ಟುಕೊಟ್ಟಿಲ್ಲ. ಅಮೆರಿಕದಲ್ಲಿ 1933ರಲ್ಲೇ ಬಾಯಿಂದ ಮದ್ದು ತುಂಬುವ ರೈಫಲುಗಳ ಅಭಿಮಾನಿಗಳು ಒಂದು ರಾಷ್ಟ್ರೀಯ ಸಂಘವನ್ನು ಕಟ್ಟಿಕೊಂಡರು. ಇಂಡಿಯಾನಾ ರಾಜ್ಯದಲ್ಲಿ ಅವರ ಪಂದ್ಯಗಳು ನಡೆಯುವ ಊರಿನ ಹೆಸರು ಫ್ರೆಂಡ್‌ಶಿಪ್, ಅಂದರೆ ಗೆಳೆತನ! ವರ್ಜೀನಿಯಾದ ವಿಲಿಯಮ್ಸ್‌ಬರ್ಗ್‌ನಲ್ಲಿ ಕಬ್ಬಿಣದ ಪಟ್ಟಿಯನ್ನು ಕುಲುಮೆಯಲ್ಲಿ ಕಾಸಿ, ಸುತ್ತಿ, ಬೆಸೆದು, ಹದಿನೆಂಟನೆಯ ಶತಮಾನದ ರೀತಿಯಲ್ಲೇ ರೈಫಲು ಮಾಡಿದ ಕುಶಲಿಯೊಬ್ಬನ ಕೆಲಸವನ್ನು 1969ರಲ್ಲಿ ಚಲನಚಿತ್ರವಾಗಿಯೂ ತೆಗೆದರು. ನಮ್ಮ ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದಂದು ಕೋವಿಗೆ ಹೂ ಮುಡಿಸಿ, ಪೂಜಿಸಿ, ತೆಂಗಿನಕಾಯಿಗೆ ಗುರಿಯಿಡುತ್ತಾರೆ.

ಈ ಹವ್ಯಾಸದ ಪರವಾಗಿ ಹೂಡುವ ವಾದವೊಂದಿದೆ. ಸ್ನೇಹಿತರ ಮುಂದೆ ನಾನೂ ಅದನ್ನು ಹೂಡಿದ್ದೇನೆ. ಇದು ನಿಧಾನದ ಕೋವಿ, ಒಂದು ಈಡಿಗೂ ಮತ್ತೊಂದಕ್ಕೂ ನಡುವೆ ಮನುಷ್ಯನಿಗೆ ಯೋಚಿಸಲು ಬಿಡುವಿದೆ, ಸರಸರನೆ ಗುಂಡು ಸುರಿಸುವ ಈಗಿನ ಬಂದೂಕಿಗಿಲ್ಲದ ಒಂದು ಧರ್ಮ ಇದಕ್ಕುಂಟು ಎಂದು. ಆದರೆ ಕೇಪಿನ ಚರಿತ್ರೆಯೇ ಈ ವಾದವನ್ನು ಅಣಕಿಸುತ್ತದೆ. ಅದಕ್ಕೆ ಮೊದಲಿನ ಚಕಮಕಿ ಕೋವಿಯಲ್ಲಿ ಹೊರಗಿನ ಮದ್ದು ಭಗ್ಗೆಂದ ಮೇಲೆ ಒಳಗಿನದು ಸಿಡಿಯಲು ಒಂದು ಕ್ಷಣ ತಡವಾಗುತ್ತಿತ್ತು. ಆ ಬೆಳಕು ಕಂಡ ಹಕ್ಕಿಗಳು ತಪ್ಪಿಸಿಕೊಳ್ಳುತ್ತಿದ್ದವು. ಇದರಿಂದ ಬೇಸತ್ತು, ಪೆಟ್ಟು ಬಿದ್ದೊಡನೆ ಸಿಡಿಯುವ ರಾಸಾಯನಿಕದಿಂದ ಮದ್ದು ಹೊತ್ತಿಸುವ ಉಪಾಯವನ್ನು ಹೂಡಿ 1807ರಲ್ಲಿ ಅದಕ್ಕೆ ಪೇಟೆಂಟ್ ಪಡೆದವನು ಅಲೆಗ್ಸಾಂಡರ್ ಫೋರ್ಸೈತ್, ಸ್ಕಾಟ್ಲೆಂಡಿನ ಒಬ್ಬ ಪಾದ್ರಿ. ಕೇಪು ಬಂದದ್ದು ಆ ಉಪಾಯದ ಮುಂದುವರಿಕೆಯಾಗಿ. ಹಕ್ಕಿಗಿದ್ದ ಒಂದು ಕ್ಷಣದ ಬಿಡುವನ್ನು ಕಿತ್ತುಕೊಂಡ ಸಾಧನವನ್ನೇ ನಾನು ಬಿಡುವಿನ ಗುರುವೆಂದು ಹೊಗಳುತ್ತಿದ್ದೆ!

ಇನ್ನು ನನ್ನ ಕೋವಿಯ ಮಾತು. ಬೆಳೆ ಕಾಯಲೆಂದು ಅಜ್ಜ ಪಡೆದ ಪರವಾನಗಿ ತಂದೆಗೆ ಬಂದು, ತಂದೆಯಿಂದ ನನಗೆ ಬಂದಿತ್ತು. ಕೋವಿ ಮಾತ್ರ ಊರಿನ ಮನೆಯ ಕತ್ತಲೆ ಕೋಣೆಯಲ್ಲಿ ಗೋಣಿ ಹೊದ್ದು ಮಲಗಿತ್ತು. ಚುನಾವಣೆ ಬಂದಾಗ ಠಾಣೆಗೆ ಹೋಗಿ ಬರುವುದೊಂದೇ ಅದರ ಸಂಚಾರ. ಮೂರು ವರ್ಷಗಳ ಹಿಂದೆ ಬೇಸಗೆ ರಜೆಯಲ್ಲಿ ಅದನ್ನು ಹೊರತೆಗೆದೆ. ಮೊದಲು ಗಜವನ್ನು ಒಳಗಿಳಿಸಿ ಅಳತೆ ಹಿಡಿದು, ಹಳೆಯ ಈಡು ಉಳಿದಿಲ್ಲವೆಂದು ಖಚಿತ ಮಾಡಿಕೊಂಡೆ. ತುಕ್ಕು ತಿಕ್ಕಿದೆ. ಬಿರಿದ ಹಿಡಿಗೆ ದಿನಕ್ಕೊಂದು ಪದರದಂತೆ ಅಗಸೆ ಎಣ್ಣೆ ಉಣಿಸಿದೆ. ಕೇಪು ಕೂರಿಸುವ ಮೂತಿಯ ತೂತು ಮಾತ್ರ ಮುಚ್ಚಿಹೋಗಿತ್ತು. ಕಿಟ್ಟವೆಂದು ಬಗೆದು ಕಳಚಿ ನೋಡಿದರೆ ಒಳಗೆ ಹಿತ್ತಾಳೆ! ಯಾರೋ ಕೆಲಸ ಬರದವನ ರಿಪೇರಿಯೆಂದು ನಕ್ಕು, ಎರಡು ಸಂಜೆ ಕುಳಿತು, ತೆಳುವಾದ ಉಳಿಯಿಂದ ಹಿಂದಿನಿಂದ ಬಡಿದು ಹೊರಡಿಸಿದೆ. ಅಕ್ಕಿಕಾಳಿನಷ್ಟು ದೊಡ್ಡ ತುಂಡು. ಏಕೋ ಎಸೆಯಲಿಲ್ಲ, ಬೆಂಕಿಪೊಟ್ಟಣದಲ್ಲಿಟ್ಟೆ.

ಪರವಾನಗಿಯುಳ್ಳ ರಿಪೇರಿಯವನೊಬ್ಬ ನಳಿಗೆ ಗಟ್ಟಿಯಿದೆಯೆಂದು ಹೇಳಿದ ಮೇಲೆ ಗದ್ದೆಯಂಚಿನ ದರೆಗೆ ತೆಂಗಿನಕಾಯಿ ಒರಗಿಸಿ ಹಾರಿಸಿದೆ. ಬಿಳಿಯ ಹೊಗೆ, ಗಂಧಕದ ವಾಸನೆ. ಹೊಗೆ ಚದುರಿದಾಗ ಕಾಯಿ ಇರಲಿಲ್ಲ. ಆಗಿನ ಹಿಗ್ಗನ್ನು ಮುಚ್ಚಿಟ್ಟರೆ ಸುಳ್ಳಾಡಿದಂತೆ. ನನ್ನ ಕೈಯಾರೆ ಎಬ್ಬಿಸಿದ ವಸ್ತು ಅದು.

ಸದ್ದು ಕೇಳಿ ಜಗುಲಿಗೆ ಬಂದ, ಎಂಬತ್ತು ದಾಟಿದ ಸೋದರತ್ತೆ ಕೇಳಿದ್ದು ಒಂದೇ ಮಾತು: “ಆ ತೂತನ್ನು ಬಿಡಿಸಿದೆಯಾ? ಅದನ್ನು ಮುಚ್ಚಿದ್ದು ಅಪ್ಪಯ್ಯನೇ.”

1961ರ ಒಂದು ರಾತ್ರಿ. ಭತ್ತ ತೆನೆಗಟ್ಟಿತ್ತು, ಹಂದಿಯ ಕಾಟ ಹೆಚ್ಚಿತ್ತು. ಮಾಳದಲ್ಲಿ ಕುಳಿತಿದ್ದ ಅಜ್ಜ ಗದ್ದೆಯಲ್ಲಿ ಏನೋ ಅಲುಗಾಡಿದ್ದನ್ನು ಕಂಡು ಈಡು ಹಾರಿಸಿದರು. ಅಲ್ಲಿದ್ದದ್ದು ಹಂದಿಯನ್ನು ಓಡಿಸಲೆಂದೇ ಬಂದಿದ್ದ ನಮ್ಮ ಮನೆಯ ಆಳು. ಚೆರೆ ಮೊಣಕಾಲಿಗೆ ಹೊಕ್ಕಿತು. ಜೀವ ಉಳಿಯಿತು, ಕಾಲು ಸೊಟ್ಟವಾಯಿತು. ಅಜ್ಜ ಹಿತ್ತಾಳೆಯ ತಂತಿಯನ್ನು ತೂತಿಗೆ ಬಡಿದು, ಅರದಿಂದ ಉಜ್ಜಿ ಸಮ ಮಾಡಿದರು. ಆಮೇಲೆ ಮನೆಯಲ್ಲಿ ಯಾರೂ ಆ ಮಾತೆತ್ತಲಿಲ್ಲ.

ಆ ಮನುಷ್ಯನನ್ನು ನಾನು ಬಲ್ಲೆ. ನನ್ನ ಹತ್ತನೆಯ ವಯಸ್ಸಿನವರೆಗೂ ಆತ ನಮ್ಮ ತೋಟದಲ್ಲೇ ದುಡಿಯುತ್ತಿದ್ದ. ಮಕ್ಕಳೆಲ್ಲ ಸೇರಿ ಅವನ ಕುಂಟು ನಡಿಗೆಯನ್ನು ಅಣಕಿಸುತ್ತಿದ್ದೆವು. ಆ ಆಟದಲ್ಲಿ ನಾನೇ ನಿಪುಣ. ಅಜ್ಜ ಒಮ್ಮೆ ಅದನ್ನು ಕಂಡರು. ಬೈಯಲಿಲ್ಲ, ಸುಮ್ಮನೆ ಒಳಗೆ ಹೋದರು. ಏಕೆ ಬೈಯಲಿಲ್ಲವೆಂದು ತಿಳಿಯಲು ನನಗೆ ಮೂವತ್ತೈದು ವರ್ಷ ಹಿಡಿಯಿತು.

ನಿಧಾನದ ಕೋವಿಯ ವಾದ ಅಲ್ಲಿಗೆ ಮುಗಿಯಿತು. ಅಜ್ಜನೂ ಸಂಜೆ ನಿಧಾನವಾಗಿಯೇ ಮದ್ದು ಸುರಿದು, ನಿಧಾನವಾಗಿಯೇ ಗಜ ಆಡಿಸಿದ್ದಿರಬೇಕು. ಕತ್ತಲಾಗುವಷ್ಟರಲ್ಲಿ ಆ ಬಿಡುವೆಲ್ಲ ಖರ್ಚಾಗಿತ್ತು. ಉಳಿದದ್ದು ಬೆರಳು ಮಾತ್ರ. ಆಯುಧದ ನಿಧಾನ ಮನುಷ್ಯನ ವಿವೇಕಕ್ಕೆ ಹೊಣೆಯಾಗಲಾರದು.

ಇನ್ನೊಂದು ಪ್ರಶ್ನೆ ಇದಕ್ಕಿಂತ ಕಷ್ಟದ್ದು. ಹಳೆಯದನ್ನು ಮೊದಲಿನಂತೆ ಮಾಡುತ್ತೇವೆನ್ನುವ ನಾವು ಯಾವುದು ದೋಷ, ಯಾವುದು ಅಲ್ಲ ಎಂದು ನಿರ್ಣಯಿಸುವುದು ಹೇಗೆ? ಆ ಕೋವಿಯಲ್ಲಿ ಕಮ್ಮಾರನದಲ್ಲದೆ ಅಜ್ಜನದೇ ಆಗಿದ್ದದ್ದು ಆ ಹಿತ್ತಾಳೆಯೊಂದೇ. ಅದನ್ನೇ ದೋಷವೆಂದು ಕಿತ್ತೆ. ಹಾಗೆಂದು ಮತ್ತೆ ಬಡಿದು ಕೂರಿಸಿದರೆ ಸರಿಹೋಗುವುದೇ? ಅದು ಅಜ್ಜನ ಪಶ್ಚಾತ್ತಾಪದ ವೇಷವನ್ನು ನಾನು ಹಾಕಿದಂತೆ. ಅಲ್ಲದೆ, ಅಜ್ಜನ ಮೇಲಿನ ಪ್ರೀತಿ ಬೇಡವೆಂದರೂ ಒಂದು ಮಾತು ಹೇಳಲೇಬೇಕು: ಕೋವಿಗೆ ಕೊಟ್ಟ ಶಿಕ್ಷೆಯಿಂದ ಆ ಕಾಲಿಗೇನು ಬಂತು? ತೂತು ಮುಚ್ಚುವುದು ಸುಲಭ, ಬಾಯಿ ತೆರೆಯುವುದು ಕಷ್ಟ. ಮಕ್ಕಳಿಗೆ ಒಂದು ಮಾತು ಹೇಳಿದ್ದರೆ ನಾವು ಅವನ ನಡಿಗೆಯನ್ನು ಅಣಕಿಸುತ್ತಿರಲಿಲ್ಲ. ವಸ್ತುಗಳಲ್ಲಿ ಹುಗಿದಿಟ್ಟ ಪಶ್ಚಾತ್ತಾಪ ಹುಗಿದವನೊಂದಿಗೇ ಹೋಗುತ್ತದೆ. ಮುಂದಿನವರ ಕಣ್ಣಿಗೆ ಅದು ಕಿಟ್ಟವಾಗಿಯೇ ಕಾಣುತ್ತದೆ.

ಆತನ ಮಗ ಈಗ ಸಮೀಪದ ಪೇಟೆಯಲ್ಲಿ ಸಣ್ಣ ಅಂಗಡಿ ಇಟ್ಟಿದ್ದಾನೆ. ಹೋಗಿ ಎಲ್ಲವನ್ನೂ ಹೇಳಿದೆ. ಆತ ಬಹಳ ಹೊತ್ತು ಸುಮ್ಮನಿದ್ದು, “ಅಪ್ಪ ಅಡಿಕೆ ಮರದಿಂದ ಬಿದ್ದೆನೆಂದೇ ಹೇಳುತ್ತಿದ್ದ” ಎಂದ. ಹಾಗೆ ಹೇಳೆಂದು ಅಜ್ಜ ಕೇಳಿಕೊಂಡರೋ, ಅವನೇ ನಮ್ಮ ಮನೆಯ ಮಾನ ಕಾದನೋ, ಕೇಳಲು ಈಗ ಇಬ್ಬರೂ ಇಲ್ಲ. ಬೆಂಕಿಪೊಟ್ಟಣ ತೆರೆದು ತೋರಿಸಿದೆ. ಅಂಗೈಯಲ್ಲಿಟ್ಟುಕೊಂಡು ನೋಡಿದ. “ಕೋವಿ ಈಗ ಹಾರುತ್ತದೆಯೇ?” ಎಂದು ಕೇಳಿದ. ಹಾರುತ್ತದೆ ಎಂದೆ. “ಇದು ನಿಮ್ಮ ಹತ್ತಿರವೇ ಇರಲಿ” ಎಂದು ಹಿಂದಿರುಗಿಸಿ, ಕಾದಿದ್ದ ಗಿರಾಕಿಯ ಕಡೆಗೆ ತಿರುಗಿದ.

ಕೋವಿಗೆ ಈಗಲೂ ತಿಂಗಳಿಗೊಮ್ಮೆ ಎಣ್ಣೆ ಹಚ್ಚುತ್ತೇನೆ. ಆಮೇಲೆ ಮದ್ದು ತುಂಬಿಲ್ಲ. ತುಂಬುವುದಿಲ್ಲವೆಂದು ಆಣೆಯನ್ನೂ ಇಟ್ಟಿಲ್ಲ. ನನ್ನ ಮಗ ಅದು ಏನೆಂದು ಕೇಳಿದಾಗ, ಮೊದಲು ಆ ಕಾಲಿನ ಕಥೆ ಹೇಳಿ ಆಮೇಲೆ ಕೋವಿಯನ್ನು ತೋರಿಸಿದೆ.