ಹಸಿದ ನೀರು

ನಾಲ್ಕು ಟ್ಯಾಂಕರ್ ಬಂದವು, ಒಂದೊಂದರಲ್ಲಿ ಹತ್ತು ಸಾವಿರ ಲೀಟರ್. ಪುಣೆಯ ಬಾಣೇರದಲ್ಲಿ ಮಗ ಕಟ್ಟಿಸಿದ ಮನೆಯ ಹಿತ್ತಲಿನ ಈಜುಕೊಳ ಸಂಜೆಯೊಳಗೆ ತುಂಬಿತು. ಮೂಲೆಯ ನಲ್ಲಿಯ ಮುಂದೆ ಕೊಡ ಇಟ್ಟುಕೊಂಡು ಕಾಯುತ್ತಿದ್ದ ಹೆಂಗಸರ ಎದುರೇ ಅವು ಹಾದು ಬಂದವು ಎಂದು ಮಗನಿಗೆ ಹೇಳಿದೆ. ಅವನು ಮೊಬೈಲು ನೋಡತೊಡಗಿದ.

ಸೊಸೆಗೆ ಪೂಜೆ ಆಗಬೇಕಿತ್ತು. ಆಚಾರ್ಯರು ಕಲಶಕ್ಕೆ ಏಳು ನದಿಗಳನ್ನು ಕರೆದರು. ಗಂಗೆಯಿಂದ ಕಾವೇರಿಯವರೆಗೆ ಎಲ್ಲರೂ ಬಂದರು; ಈ ಊರಿನ ಮುಠಾ ಆ ಪಟ್ಟಿಯಲ್ಲಿಲ್ಲ, ನಮ್ಮ ಮಲಪ್ರಭೆಯೂ ಇಲ್ಲ. ಮಾವಿನೆಲೆಯಿಂದ ನೀರು ಚಿಮುಕಿಸಿ "ಶುದ್ಧಾತು" ಅಂದರು. ಕೊಳದ ಕೆಲಸಕ್ಕೆ ಬರುವ ಅಕ್ಕಲಕೋಟೆ ಕಡೆಯ ಹುಡುಗ ನನ್ನ ಪಕ್ಕದಲ್ಲಿ ಮೆಲ್ಲಗೆ, "ಇನ್ನೂ ಇಲ್ರಿ ಬಾಯಾರ" ಅಂದ.

ಪರೀಕ್ಷೆಗೆ ಮೇಲಿನ ನೀರು ಲೆಕ್ಕಕ್ಕಿಲ್ಲ. ಅವನು ಮೊಣಕೈವರೆಗೆ ತೋಳು ಇಳಿಸಿ ಆಳದಿಂದ ನಳಿಗೆ ತುಂಬಿದ, ಫಿನಾಲ್ ರೆಡ್ ಹನಿ ಬಿಟ್ಟ. ಬಣ್ಣ ಕಡುಗುಲಾಬಿಗೆ ತಿರುಗಿತು. ಪಿಎಚ್ 8 ದಾಟಿದೆ, ಇರಬೇಕಾದದ್ದು 7.2ರಿಂದ 7.6. ಧಾರವಾಡದ ಕಾಲೇಜಿನಲ್ಲಿ ಮೂವತ್ತು ವರ್ಷ ರಸಾಯನಶಾಸ್ತ್ರ ಕಲಿಸಿದ ನನಗೆ ಆ ಬಣ್ಣ ಹೊಸದಲ್ಲ. ಅವನ ವಿವರಣೆ ಹೊಸದಾಗಿತ್ತು: "ನೀರು ಹಸಿದೈತ್ರಿ. ಗ್ವಾಡಿ ತಿನ್ನಾಕತ್ತೈತಿ."

ನಿಜ. ಮೆದು ನೀರಿಗೆ ಸುಣ್ಣದಂಶ ಸಾಲದು, ಸಿಕ್ಕಲ್ಲಿಂದ ಎಳೆದುಕೊಳ್ಳುತ್ತದೆ. ಸಿಕ್ಕದ್ದು ಹೊಸ ಸಿಮೆಂಟಿನ ಗಿಲಾವು; ಆ ಸುಣ್ಣಕ್ಕೇ ಪಿಎಚ್ ಏರಿತ್ತು. ಈ ಹಸಿವನ್ನು ಲೆಕ್ಕ ಹಾಕುವ ಸೂತ್ರವನ್ನು ಅಮೆರಿಕದ ಲಾಂಗೆಲಿಯರ್ 1936ರಲ್ಲೇ ಕೊಟ್ಟಿದ್ದ. ಹುಡುಗ ಎರಡು ಕಿಲೋ ಅಡುಗೆ ಸೋಡಾ ಹಾಕಿದ, ಐದು ಕಿಲೋ ಕ್ಯಾಲ್ಸಿಯಂ ಕ್ಲೋರೈಡ್ ಕರಗಿಸಿ ಸುರಿದ, ಬಕೆಟ್ ನೀರಿಗೆ ಆ್ಯಸಿಡ್ ಬೆರೆಸಿ ಬೇರೆ ಬೇರೆ ದಿನ ಸ್ವಲ್ಪ ಸ್ವಲ್ಪ ಬಿಟ್ಟ. ಏನನ್ನೂ ತೆಗೆಯಲಿಲ್ಲ, ಬರೀ ಸೇರಿಸಿದ.

ನನಗೆ ಅತ್ತೆಯವರ ನೆನಪಾಯಿತು. ನಸುಕಿನಲ್ಲೇ ಒದ್ದೆ ಸೀರೆಯಲ್ಲಿ ಬಾವಿಯಿಂದ ಮಡಿನೀರು ಸೇದುತ್ತಿದ್ದರು. ಮದುವೆಯಾದ ವರ್ಷ ನಾನು ಮರೆತು ಆ ಕೊಡ ಮುಟ್ಟಿದೆ. ಒಂದು ಮಾತೂ ಆಡದೆ ಇಡೀ ಕೊಡವನ್ನು ತೆಂಗಿನ ಬುಡಕ್ಕೆ ಸುರಿದರು. ಎಂಎಸ್ಸಿ ಮಾಡಿದ್ದ ನಾನೂ ಒಂದು ಮಾತೂ ಆಡದೆ ಮತ್ತೆ ಸೇದಿಕೊಟ್ಟೆ, ಅದನ್ನೂ ಚೆಲ್ಲಿದರು. ಕಾಲರಾ ಕಂಡ ತಲೆಮಾರಿನವರು, ನೀರಿಗೆ ಹೆದರುವುದಕ್ಕೆ ಅವರಿಗೆ ಕಾರಣವಿತ್ತು ಎಂದು ಆಮೇಲೆ ಅವರ ಪರ ವಾದ ಕಟ್ಟಿದ್ದೇನೆ. ಆದರೆ ಕಾಲರಾಕ್ಕೆ ಹೆದರಿದವರು ನೀರು ಕುದಿಸುತ್ತಾರೆ, ಕೈ ಯಾರದೆಂದು ನೋಡುವುದಿಲ್ಲ.

ಯಾರೂ ಮುಟ್ಟದ್ದು ಶುದ್ಧ ಎಂಬುದು ಅವರ ನಂಬಿಕೆ. ಏನೂ ಬೆರೆಯದ್ದು ಶುದ್ಧ ಎಂದು ನಾನು ತರಗತಿಯಲ್ಲಿ ಹೇಳುತ್ತಿದ್ದೆ. ಎರಡೂ ಒಂದೇ ಎಂದು ಆಗ ಹೊಳೆಯಲಿಲ್ಲ. ಭಟ್ಟಿ ಇಳಿಸಿದ ನೀರಿನ ಬಾಟಲಿಯ ಬಿರಡೆ ತೆಗೆದಿಡಿ: ಗಾಳಿಯ ಇಂಗಾಲದ ಡೈಆಕ್ಸೈಡನ್ನು ತಾನೇ ಎಳೆದುಕೊಂಡು ಪಿಎಚ್ 6ಕ್ಕಿಂತ ಕೆಳಗಿಳಿಯುತ್ತದೆ. ಮುಟ್ಟಿಸಿಕೊಳ್ಳದೆ ಇರುವುದು ನೀರಿಗೇ ಆಗದು.

ಇದೇ ಪುಣೆಯ ಗಂಜ್ ಪೇಟೆಯಲ್ಲಿ ಜೋತಿಬಾ ಫುಲೆ 1868ರಲ್ಲಿ ತಮ್ಮ ಮನೆಯ ನೀರಿನ ತೊಟ್ಟಿಯನ್ನು ಅಸ್ಪೃಶ್ಯರಿಗೆ ತೆರೆದರು. ಅದೂ ಮನೆಯ ಕೊಳವೇ, ಮೋಜಿನದಲ್ಲ. ಘಟ್ಟದ ಕೆಳಗಿನ ಮಹಾಡದಲ್ಲಿ 1927ರ ಮಾರ್ಚ್ 20ರಂದು ಅಂಬೇಡ್ಕರ್ ಚವದಾರ್ ಕೆರೆಯ ನೀರನ್ನು ಬೊಗಸೆಯಲ್ಲಿ ಕುಡಿದರು. ಆಮೇಲೆ ಮೇಲ್ಜಾತಿಯವರು ಕೆರೆಗೆ ಶುದ್ಧಿ ಮಾಡಿಸಿದರು: ಸೆಗಣಿ, ಗಂಜಲ, ಹಾಲು, ಮೊಸರು ತುಂಬಿದ 108 ಮಡಕೆ. ರಸಾಯನಶಾಸ್ತ್ರದವಳಾಗಿ ಹೇಳುತ್ತೇನೆ, ಆ ಕೆರೆ ಹೊಲಸಾದದ್ದು ಆವತ್ತು. ನಮ್ಮ ಕೊಳಕ್ಕೆ ಅಂಥ ಒಂದೇ ಮಡಕೆ ಬಿದ್ದರೂ ಹುಡುಗ ಹಾಕಿದ ಕ್ಲೋರಿನ್ನಿನ ಒಂದು ಪಾಲು ಅದನ್ನು ಸುಡುವುದರಲ್ಲೇ ಕಳೆದುಹೋಗುತ್ತಿತ್ತು. ಈಜುಕೊಳದ ಘಾಟು ವಾಸನೆಯನ್ನು ಜನ ಶುಚಿಯ ವಾಸನೆ ಎಂದುಕೊಳ್ಳುತ್ತಾರೆ. ಅದು ಬೆವರು, ಮೂತ್ರಗಳ ಜೊತೆ ಕೂಡಿದ ಕ್ಲೋರಿನ್ನಿನ ವಾಸನೆ. ನೆಟ್ಟಗಿರುವ ಕೊಳ ಅಷ್ಟು ನಾರುವುದಿಲ್ಲ.

ಇಷ್ಟೆಲ್ಲ ತಿಳಿದವಳು ಮಡಿ ಬಿಟ್ಟೆನೆ? ಇಲ್ಲ. ಅತ್ತೆಯವರು ಹೋದ ಮೇಲೂ ಹಬ್ಬಕ್ಕೆ, ದ್ವಾದಶಿಗೆ ಉಡುತ್ತೇನೆ. ದೇವರ ಮುಂದೆ ಒದ್ದೆ ಸೀರೆಯ ತಂಪು ನನಗೆ ಬೇಕು. ಆ ತಂಪಿನ ಜೊತೆ ಇನ್ನೇನೇನು ಉಟ್ಟುಕೊಂಡೆ ಎಂಬುದು ಈಗ ಕಾಡುತ್ತಿದೆ.

ಎಂಟನೆಯ ದಿನ ದ್ವಾದಶಿ. ಪಾರಣೆಯ ಅಡುಗೆಗೆಂದು ಮಡಿಯಲ್ಲಿದ್ದೆ. ಹುಡುಗ ನಳಿಗೆ ತುಂಬಿ ಹನಿ ಬಿಟ್ಟು, ನನಗೆ ತೋರಿಸಲು ಬಂದವನು ಸೀರೆ ಕಂಡು ನಿಂತ. ನಳಿಗೆಯನ್ನು ಕಟ್ಟೆಯ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದ. ಅಷ್ಟು ಸಲೀಸಾಗಿ ಸರಿಯುವುದನ್ನು ಅವನಿಗೆ ಯಾರು ಕಲಿಸಿದರೋ, ಕೇಳುವ ಧೈರ್ಯ ನನಗಾಗಲಿಲ್ಲ.

"ಕೈಯಾಗ ಕೊಡಪಾ" ಅಂದೆ.

ಅವನು ಅನುಮಾನಿಸಿದ. ತೋಳಿನಿಂದ ಇನ್ನೂ ಕೊಳದ ನೀರು ತೊಟ್ಟಿಕ್ಕುತ್ತಿತ್ತು. ಆಮೇಲೆ ನಳಿಗೆ ಎತ್ತಿ ನನ್ನ ಕೈಗಿಟ್ಟ. ಬಿಸಿಲಿಗೆ ಹಿಡಿದೆ. ಕಿತ್ತಳೆ ಬೆರೆತ ಕೆಂಪು, 7.4.